ಪರಿಚಯ ಮಾಡಿಸಿದವರ ಪಾಲು

ಇಸ್ರೇಲಿನ ಕಂಪನಿಗಳ ಜೊತೆ ಕೆಲಸ ಮಾಡಬೇಕು, ಯಾರದಾದರೂ ಪರಿಚಯ ಇದ್ದರೆ ಹೇಳಿ ಸಾರ್ ಅಂತ ಆಗಾಗ ಫೋನ್ ಬರುತ್ತವೆ. ಬೆಂಗಳೂರಿನ ಸ್ಟಾರ್ಟಪ್ ಹುಡುಗ ಹುಡುಗಿಯರು ಜಾಸ್ತಿ. ಈಚೆಗೆ ಹುಬ್ಬಳ್ಳಿ, ಮೈಸೂರು, ಮಂಗಳೂರಿನಿಂದಲೂ ಕೇಳುತ್ತಾರೆ. ನಂಬರ್ ಕೊಡುವುದು ಕಷ್ಟದ ಕೆಲಸವೇನಲ್ಲ. ಆದರೆ ಕೊಡುವ ಮುಂಚೆ ನಾನು ಅವರಿಗೆ ಎರಡು ಸರ್ಕಾರಿ ಯೋಜನೆಗಳ ಕಥೆ ಹೇಳುತ್ತೇನೆ. ಒಂದು ಸೋತದ್ದು, ಒಂದು ಗೆದ್ದದ್ದು. ಎರಡೂ ಇಸ್ರೇಲಿನವೇ. ನಡುವೆ ಒಂದೇ ವರ್ಷದ ಅಂತರ.

1992 ರಲ್ಲಿ ಅಲ್ಲಿನ ಸರ್ಕಾರ ಇನ್ಬಾಲ್ ಎಂಬ ಯೋಜನೆ ತಂದಿತು. ಹೊಸ ತಂತ್ರಜ್ಞಾನದ ಕಂಪನಿಗಳಿಗೆ ಹಣ ಹಾಕುವ ವೆಂಚರ್ ಕ್ಯಾಪಿಟಲ್ ಫಂಡ್‌ಗಳು ದೇಶದಲ್ಲಿ ಬೆಳೆಯಲಿ ಅನ್ನುವುದು ಉದ್ದೇಶ. ಫಂಡ್ ಮುಳುಗಿದರೆ ಶೇ. 70 ರವರೆಗೆ ಸರ್ಕಾರದ ಗ್ಯಾರಂಟಿ. ಕೇಳಲಿಕ್ಕೆ ಚೆನ್ನಾಗಿದೆ, ಅಲ್ವಾ? ಅದು ನಡೆಯಲಿಲ್ಲ. ನಷ್ಟ ಸರ್ಕಾರದ ತಲೆಗೆ ಅಂದಮೇಲೆ ಫಂಡ್ ನಡೆಸುವವರು ಚಿಕ್ಕ ಕಂಪನಿಗಳ ಜೊತೆ ಕೂತು ಯಾಕೆ ಕಷ್ಟಪಡಬೇಕು? ಹಣ ಬಂತು. ಅದರ ಜೊತೆ ಅನುಭವ ಬರಲಿಲ್ಲ, ಹೊರದೇಶದ ಗಿರಾಕಿಗಳ ಪರಿಚಯವೂ ಬರಲಿಲ್ಲ.

ಮುಂದಿನ ವರ್ಷ, 1993 ರಲ್ಲಿ, ಯೋಜ್ಮಾ ಬಂತು. ಆಗ ಸರ್ಕಾರದ ಮುಖ್ಯ ವಿಜ್ಞಾನಿಯಾಗಿದ್ದ ಯಿಗಾಲ್ ಎರ್ಲಿಖ್ ಅದರ ಹಿಂದಿದ್ದವರು. ಸರ್ಕಾರ ಎತ್ತಿಟ್ಟದ್ದು 10 ಕೋಟಿ ಡಾಲರ್. ಹತ್ತು ಫಂಡ್‌ಗಳು. ಒಂದೊಂದು ಫಂಡ್‌ನಲ್ಲಿ ಸರ್ಕಾರದ ಪಾಲು ಶೇ. 40 ದಾಟುವಂತಿಲ್ಲ. ಉಳಿದದ್ದನ್ನು ಬೇರೆಯವರು ತರಬೇಕು. ಆ ಬೇರೆಯವರಲ್ಲಿ ಈ ಕೆಲಸ ಗೊತ್ತಿರುವ ಹೊರದೇಶದ ಸಂಸ್ಥೆ ಒಂದು ಇರಲೇಬೇಕು. ಈ ಸಲ ನಷ್ಟಕ್ಕೆ ಗ್ಯಾರಂಟಿ ಇಲ್ಲ. ಅದರ ಬದಲು ಲಾಭಕ್ಕೆ ಒಂದು ಬಾಗಿಲು ಇಟ್ಟರು. ಐದು ವರ್ಷದೊಳಗೆ ಉಳಿದ ಪಾಲುದಾರರು ಸರ್ಕಾರದ ಪಾಲನ್ನು ಹಾಕಿದ ಬೆಲೆಗೆ ಬಡ್ಡಿ ಸೇರಿಸಿ ಕೊಂಡುಕೊಳ್ಳಬಹುದು. ಅಂದರೆ ಕಂಪನಿ ಬೆಳೆದರೆ ಲಾಭದ ದೊಡ್ಡ ಭಾಗ ನಿಮ್ಮದೇ. ಸೋತರೆ ನೀವು ಹಾಕಿದ್ದು ನಿಮ್ಮದೇ ಹಣ.

ಇಸ್ರೇಲಿನ ತಂತ್ರಜ್ಞಾನದ ಬಗ್ಗೆ ಮಾತು ಬಂದಾಗ ನಮ್ಮವರು ಹೇಳುವುದು ಬುದ್ಧಿವಂತಿಕೆಯ ಕಥೆ, ಸೈನ್ಯದ ಕಥೆ, ಮರುಭೂಮಿಯ ಕಥೆ. ಅವೆಲ್ಲ ಇವೆ. ಆದರೆ ಇಷ್ಟು ವರ್ಷ ಅವರ ಜೊತೆ ವ್ಯವಹಾರ ಮಾಡಿದ ಮೇಲೆ ನನಗೆ ದೊಡ್ಡದಾಗಿ ಕಾಣುವುದು ಈ ಷರತ್ತು. ಹೊರಗಿನವರೊಬ್ಬರು ತಮ್ಮ ಹಣ, ಹೆಸರು, ಸಮಯ ಹಾಕಿಕೊಂಡು ಪಕ್ಕದಲ್ಲಿ ಕೂರುವ ಹಾಗೆ ನಿಯಮವನ್ನೇ ಬರೆದದ್ದು. ನೆಟ್‌ವರ್ಕಿಂಗ್ ಅಂತ ನಾವು ಹೋಟೆಲ್ ಹಾಲ್‌ಗಳಲ್ಲಿ ಮಾಡುವ ಕೆಲಸಕ್ಕೂ ಇದಕ್ಕೂ ಬಹಳ ದೂರ.

ಯೋಜ್ಮಾಗೆ ಈ ಯೋಚನೆ ಆಕಾಶದಿಂದ ಬರಲಿಲ್ಲ. 1977 ರಲ್ಲೇ ಅಮೆರಿಕ ಮತ್ತು ಇಸ್ರೇಲ್ ಸೇರಿ ಬರ್ಡ್ ಫೌಂಡೇಷನ್ ಮಾಡಿದ್ದವು. ಎರಡು ಸರ್ಕಾರಗಳೂ ಸಮಸಮ ಹಣ ಹಾಕಿದವು. ನಿಯಮ ಸರಳ. ಒಂದು ಅಮೆರಿಕದ ಕಂಪನಿ, ಒಂದು ಇಸ್ರೇಲಿನ ಕಂಪನಿ, ಇಬ್ಬರೂ ಸೇರಿ ಒಂದು ಹೊಸ ಉತ್ಪನ್ನ ಮಾಡಬೇಕು. ಖರ್ಚಿನ ಅರ್ಧದವರೆಗೆ ಫೌಂಡೇಷನ್ ಕೊಡುತ್ತದೆ. ಮಾಲು ಮಾರಾಟವಾದರೆ ಆದಾಯದಿಂದ ಸ್ವಲ್ಪ ಸ್ವಲ್ಪವಾಗಿ ವಾಪಸ್ ಕೊಡಬೇಕು, ಕೊಟ್ಟದ್ದರ ಒಂದೂವರೆ ಪಟ್ಟಿನವರೆಗೆ. ಮಾರಾಟವಾಗದಿದ್ದರೆ ಕೊಡಬೇಕಾಗಿಲ್ಲ.

ಎಡ್ ಮ್ಲಾವ್ಸ್ಕಿ ಎಂಬವರು 1979 ರಿಂದ ಬಹಳ ವರ್ಷ ಅದನ್ನು ನಡೆಸಿದರು. ಅಮೆರಿಕದ ಉದ್ಯಮದಲ್ಲಿ ಕೆಲಸ ಮಾಡಿ ಬಂದವರು. ಅರ್ಜಿ ಬರಲಿ, ನೋಡೋಣ ಅಂತ ಫೌಂಡೇಷನ್ ಕೂರಲಿಲ್ಲ. ಇಸ್ರೇಲಿನ ಈ ಚಿಕ್ಕ ಕಂಪನಿಗೆ ಅಮೆರಿಕದ ಯಾವ ಕಂಪನಿ ಹೊಂದುತ್ತದೆ ಅಂತ ತಾವೇ ಹುಡುಕಿ, ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಿದ್ದರು. ನಮ್ಮ ಕಡೆ ಮದುವೆ ಮಾಡಿಸುವ ಹಿರಿಯರು ಇರುತ್ತಾರಲ್ಲ, ಹಾಗೆ. ಜಾತಕ ತಂದುಕೊಟ್ಟು ಹೋಗುವವರು ಬೇರೆ, ನಾಳೆ ಮನೆಯಲ್ಲಿ ಜಗಳ ಆದರೆ ಬಂದು ಕೂರುವವರು ಬೇರೆ. ಬರ್ಡ್ ಎರಡನೇ ಥರದ್ದು. ಯಾಕೆಂದರೆ ಅದರದೇ ಹಣ ಅಲ್ಲಿತ್ತು. ಇದೇ ಮ್ಲಾವ್ಸ್ಕಿ ಆಮೇಲೆ ಜೆಮಿನಿ ಎಂಬ ಫಂಡ್ ಕಟ್ಟಿದವರಲ್ಲಿ ಒಬ್ಬರಾದರು. ಯೋಜ್ಮಾದ ಹಣ ಪಡೆದ ಮೊದಲ ಫಂಡ್ ಅದು. ಒಂದು ಸಂಸ್ಥೆಯಲ್ಲಿ ಕಲಿತ ಜೋಡಿಸುವ ವಿದ್ಯೆ ಹೀಗೆ ಇನ್ನೊಂದಕ್ಕೆ ನಡೆದು ಹೋಯಿತು.

ಹೊರಗಿನವರಿಗಾಗಿ ಇಷ್ಟು ಹಂಬಲಿಸಲು ಕಾರಣಗಳಿದ್ದವು. ದೇಶದ ಜನಸಂಖ್ಯೆ ಇವತ್ತಿಗೂ ಒಂದು ಕೋಟಿಯ ಆಸುಪಾಸು. ನಮ್ಮ ಬೆಂಗಳೂರಿಗಿಂತ ಚಿಕ್ಕ ಮಾರುಕಟ್ಟೆ. ಅಕ್ಕಪಕ್ಕದ ದೇಶಗಳ ಜೊತೆ ದಶಕಗಳ ಕಾಲ ವ್ಯಾಪಾರವೇ ಇರಲಿಲ್ಲ. 1987 ರಲ್ಲಿ ಲಾವಿ ಯುದ್ಧವಿಮಾನದ ಯೋಜನೆಯನ್ನು ಸರ್ಕಾರ ಕೈಬಿಟ್ಟಾಗ ನೂರಾರು ನುರಿತ ಎಂಜಿನಿಯರ್‌ಗಳು ಕೆಲಸ ಕಳೆದುಕೊಂಡು ಬೀದಿಗೆ ಬಂದರು. ಅದರ ಬೆನ್ನಿಗೇ ಸೋವಿಯತ್ ಒಕ್ಕೂಟ ಕುಸಿಯಿತು. ತೊಂಬತ್ತರ ದಶಕದಲ್ಲಿ ಅಲ್ಲಿಂದ ಸುಮಾರು ಹತ್ತು ಲಕ್ಷ ಜನ ವಲಸೆ ಬಂದರು. ಅವರಲ್ಲಿ ಎಂಜಿನಿಯರ್‌ಗಳು, ವಿಜ್ಞಾನಿಗಳು ತುಂಬಾ. ಪ್ರತಿಭೆ ಇತ್ತು. ಕೊಳ್ಳುವವರು ಇರಲಿಲ್ಲ. ಮೊದಲ ದಿನದಿಂದಲೇ ದೂರದ ಗಿರಾಕಿಯನ್ನು ಹುಡುಕದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಸಂಸ್ಥೆಗಳ ಮಾತು ಇಷ್ಟಾಯಿತು. ಒಬ್ಬ ಮನುಷ್ಯ ಏನು ಮಾಡಬಲ್ಲ ಅನ್ನುವುದಕ್ಕೆ ನಾನು ಯಾವಾಗಲೂ ದೋವ್ ಫ್ರೋಮನ್ ಅವರನ್ನು ನೆನೆಯುತ್ತೇನೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದವರು. ತಂದೆ ತಾಯಿಯನ್ನು ನಾಜಿಗಳು ಕೊಂದರು. ಮಗುವನ್ನು ಡಚ್ ಕುಟುಂಬವೊಂದು ಬಚ್ಚಿಟ್ಟು ಉಳಿಸಿತು. ಬೆಳೆದದ್ದು ಇಸ್ರೇಲಿನಲ್ಲಿ. ಮುಂದೆ ಅಮೆರಿಕದ ಚಿಪ್ ಕಂಪನಿ ಇಂಟೆಲ್‌ನಲ್ಲಿ ಕೆಲಸ ಮಾಡುವಾಗ ಇಪ್ರಾಮ್ ಚಿಪ್ ಕಂಡುಹಿಡಿದರು. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಅದು. ಆ ಹೆಸರಿನ ಮೇಲೆ ಅವರು ಜೀವನಪೂರ್ತಿ ಕ್ಯಾಲಿಫೋರ್ನಿಯಾದಲ್ಲಿ ಸುಖವಾಗಿ ಇರಬಹುದಿತ್ತು. ನಡುವೆ ಘಾನಾಕ್ಕೆ ಹೋಗಿ ಪಾಠ ಮಾಡಿದರು. ಆಮೇಲೆ ಇಸ್ರೇಲಿಗೆ ವಾಪಸ್ ಹೋಗುತ್ತೇನೆ ಅಂದರು. 1974 ರಲ್ಲಿ ಹೈಫಾದಲ್ಲಿ ಇಂಟೆಲ್‌ನ ಒಂದು ಪುಟ್ಟ ವಿನ್ಯಾಸ ಕೇಂದ್ರ ಶುರುವಾಯಿತು. ಬೆರಳೆಣಿಕೆಯ ಜನ. ಅಮೆರಿಕದ ಹೊರಗೆ ಇಂಟೆಲ್‌ಗೆ ಅಂಥ ಕೇಂದ್ರ ಅದೇ ಮೊದಲು.

ಈ ಕೇಂದ್ರದಲ್ಲೇ 8088 ಪ್ರೊಸೆಸರ್ ರೂಪುಗೊಂಡಿತು. ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್‌ಗೆ ಆರಿಸಿಕೊಂಡದ್ದು ಅದನ್ನೇ. ಜೆರುಸಲೇಮ್‌ನಲ್ಲಿ ಚಿಪ್ ಕಾರ್ಖಾನೆ ಬಂತು. 1991 ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳು ಬೀಳುತ್ತಿದ್ದಾಗಲೂ ಫ್ರೋಮನ್ ಆ ಕಾರ್ಖಾನೆಯನ್ನು ಮುಚ್ಚಲಿಲ್ಲ. ಒಮ್ಮೆ ಮುಚ್ಚಿದರೆ ಇಸ್ರೇಲಿಗೆ ಕೊಟ್ಟ ಕೆಲಸ ಹೊತ್ತಿಗೆ ಮುಗಿಯುತ್ತದೆ ಅನ್ನುವ ನಂಬಿಕೆಯೇ ಹೋಗುತ್ತದೆ ಅನ್ನುವುದು ಅವರ ಭಯ. ಆ ತೀರ್ಮಾನ ಸರಿಯೇ ಅಂತ ನನಗೆ ಇವತ್ತಿಗೂ ಖಚಿತವಿಲ್ಲ. ಕೆಲಸಗಾರರ ಜೀವದ ಪ್ರಶ್ನೆ ಅದು. ಆದರೆ ಒಂದು ಮಾತು ನಿಜ. ಎರಡು ದೇಶಗಳ ನಡುವೆ ಒಬ್ಬರು ಸೇತುವೆಯಾಗಿ ನಿಂತರೆ ಎರಡೂ ಕಡೆಯ ಭಾರ ಅವರ ಮೇಲೆ ಬೀಳುತ್ತದೆ. ಪರಿಚಯ ಮಾಡಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಅಂದಹಾಗೆ, ಬೆಂಗಳೂರು ಮತ್ತು ಹೈಫಾ ನಡುವಿನ ನಂಟು ಬೆಳೆದದ್ದೂ ಇಂಥ ಕಂಪನಿಗಳ ಒಳಗೇ ಜಾಸ್ತಿ ಅಂತ ನನ್ನ ಅನಿಸಿಕೆ. ಇಂಟೆಲ್‌ಗೆ ಎರಡೂ ಊರಿನಲ್ಲಿ ದೊಡ್ಡ ಕೇಂದ್ರಗಳಿವೆ. ಒಂದೇ ಚಿಪ್ ಮೇಲೆ ಎರಡೂ ಕಡೆಯವರು ಕೆಲಸ ಮಾಡುತ್ತಾರೆ. ಮಾರತಹಳ್ಳಿಯ ಎಂಜಿನಿಯರ್ ಮತ್ತು ಹೈಫಾದ ಎಂಜಿನಿಯರ್ ವರ್ಷಗಟ್ಟಲೆ ಒಂದೇ ಕಾಲ್‌ನಲ್ಲಿ ಜಗಳ ಆಡಿಕೊಂಡು ಬಂದಿದ್ದಾರೆ. ಆ ಜಗಳದಿಂದ ಹುಟ್ಟಿದ ವಿಶ್ವಾಸಕ್ಕೆ ಬೆಲೆ ಇದೆ. ಎರಡು ಸರ್ಕಾರಗಳ ನಡುವೆ ರಾಜತಾಂತ್ರಿಕ ಸಂಬಂಧ ಶುರುವಾದದ್ದೇ 1992 ರ ಜನವರಿಯಲ್ಲಿ. ಅದಾದ ಮೇಲೆ ಭಾಷಣಗಳು ಬಹಳ ಆಗಿವೆ. ಪ್ರತಿ ಭಾಷಣದಲ್ಲೂ 1918 ರ ಹೈಫಾ ಕದನ ಬರುತ್ತದೆ. ಜೋಧಪುರದ ಸವಾರರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅಲ್ಲಿ ಹೋರಾಡಿದ್ದು ನಿಜ. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆ ಕಡೆ ಹೋದಾಗ ನಿಂತು ನೋಡಿ. ಕುದುರೆ ಏರಿ ಅಷ್ಟು ದೂರ ಹೋಗಿ ಸತ್ತವರು ಅವರು. ಅವರ ಹೆಸರು ಹೇಳಿ ನಾವು ಎಂಒಯು ಸಹಿ ಮಾಡುವಾಗ ಆಮೇಲೆ ಏನಾದರೂ ಕೆಲಸ ಆಗಬೇಕು ಅಂತ ನನಗೆ ಅನಿಸುತ್ತದೆ.

ನನ್ನ ಕೆಲಸ ಹೊಲದ ನೀರಿಗೆ ಸಂಬಂಧಿಸಿದ್ದು. ಮಣ್ಣಿನ ತೇವ ಅಳೆಯುವ ಸೆನ್ಸರ್, ವಾಲ್ವ್ ತೆಗೆದು ಹಾಕುವ ಕಂಟ್ರೋಲರ್, ಇಂಥವನ್ನು ಮಾಡುವ ಚಿಕ್ಕ ಕಂಪನಿ ನಮ್ಮದು. ಹೊರದೇಶದ ಪಾಲುದಾರರ ಜೊತೆ ಮಾತುಕತೆ ನನ್ನ ಪಾಲಿಗೆ ಬಂದಿದೆ. ಇಸ್ರೇಲಿನವರ ಜೊತೆ ಮೊದಲ ಭೇಟಿ ಹೇಗಿರುತ್ತದೆ ಅಂತ ಕೇಳುವವರಿಗೆ ಹೇಳುತ್ತೇನೆ. ನಮಸ್ಕಾರ, ಕಾಫಿ, ಕುಶಲ ಇವೆಲ್ಲ ಬೇಗ ಮುಗಿಯುತ್ತವೆ. ನಿಮ್ಮ ಮೂರನೇ ಸ್ಲೈಡ್‌ಗೇ ತಡೆದು, ಇದು ಕೆಲಸ ಮಾಡಲ್ಲ, ಯಾಕೆ ಅಂದರೆ ಹೀಗೆ ಅನ್ನುತ್ತಾರೆ. ಅತ್ಯಂತ ಕಿರಿಯ ಎಂಜಿನಿಯರ್ ತನ್ನ ಸಿಇಒ ಮಾತನ್ನು ನಮ್ಮೆದುರೇ ಅಲ್ಲಗಳೆಯುತ್ತಾನೆ. ನಮ್ಮ ಕಡೆಯವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಆಗ ನಾನು ರಾಮತ್ ಗಾನ್‌ನಲ್ಲಿ ಒಬ್ಬ ಮುದುಕರನ್ನು ನೋಡಿಕೊಳ್ಳುವ ಮಂಗಳೂರಿನ ಅಕ್ಕ ಹೇಳಿದ ಮಾತು ನೆನಪಿಸುತ್ತೇನೆ. "ಇವರು ಜೋರು ಮಾತಾಡಿದ್ರೆ ಬೇಜಾರು ಮಾಡ್ಬೇಡಿ ಮಾರಾಯ್ರೆ. ಸುಮ್ಮನೆ ಕೂತ್ರೆ ಆಗ ಹೆದರ್ಬೇಕು."

ಆ ಅಕ್ಕನ ಬಗ್ಗೆ ಸ್ವಲ್ಪ ಹೇಳಲೇಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯ ಎಷ್ಟೋ ಜನ ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆ ಮಾಡುತ್ತಾರೆ. ಅವರ ಮನೆಗಳಲ್ಲೇ ಇರುತ್ತಾರೆ. ಹೀಬ್ರೂ ಕಲಿತಿದ್ದಾರೆ. ಯಾವ ಔಷಧ ಅಂಗಡಿ ಶುಕ್ರವಾರ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಸೈರನ್ ಕೂಗಿದರೆ ಗಾಲಿಕುರ್ಚಿಯಲ್ಲಿರುವವರನ್ನು ಹೇಗೆ ಆಸರೆ ಕೋಣೆಗೆ ಒಯ್ಯಬೇಕು, ಎಲ್ಲ ಅವರಿಗೆ ಗೊತ್ತು. ಕರ್ನಾಟಕ ಮತ್ತು ಇಸ್ರೇಲ್ ಸಂಬಂಧ ಅಂದಾಗ ನಮ್ಮ ನಿಯೋಗಗಳ ಪಟ್ಟಿಯಲ್ಲಿ ಇವರು ಇರುವುದಿಲ್ಲ. ಇರಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಅಲ್ಲಿನ ಮನೆಗಳೊಳಗೆ ನಮ್ಮ ರಾಜ್ಯದ ಬಗ್ಗೆ ಒಳ್ಳೆಯ ಅಭಿಪ್ರಾಯ ಕಟ್ಟಿದವರು ಅವರು. ನಾನು ಎಷ್ಟು ಸಲ ಹೇಳಿದರೂ ಬಗ್ಗದ ಒಬ್ಬ ಖರೀದಿ ಮ್ಯಾನೇಜರ್, ತನ್ನ ತಾಯಿಯನ್ನು ನೋಡಿಕೊಂಡವರು ಉಡುಪಿಯವರು ಅಂತ ತಿಳಿದ ಮೇಲೆ ನಮ್ಮ ಕಡೆಗೆ ತಿರುಗಿ ಕೂತು ಮಾತಾಡಿದರು.

ಇನ್ನೊಂದು ನಂಟು ಗೋಕರ್ಣದ್ದು. ಸೈನ್ಯದ ಸೇವೆ ಮುಗಿಸಿದ ಇಸ್ರೇಲಿನ ಯುವಕರು ತಿಂಗಳುಗಟ್ಟಲೆ ಭಾರತ ಸುತ್ತುತ್ತಾರೆ. ಕುಡ್ಲೆ ಬೀಚ್, ಓಂ ಬೀಚ್, ಹಂಪಿಯ ಆಚೆ ದಡದ ವಿರೂಪಾಪುರ ಗಡ್ಡೆ, ಇವೆಲ್ಲ ಅವರಿಗೆ ಬಾಯಿಪಾಠ. ಟೆಲ್ ಅವೀವ್‌ನ ಮೀಟಿಂಗ್ ಕೋಣೆಯಲ್ಲಿ ನಾನು ಕರ್ನಾಟಕದವನು ಅಂದರೆ ಸಾಕು, ಮೇಜಿನ ಆಚೆ ಒಬ್ಬರ ಮುಖವಾದರೂ ಅರಳುತ್ತದೆ. ಗಡ್ಡೆಯ ಗೆಸ್ಟ್‌ಹೌಸ್‌ಗಳನ್ನು 2020 ರಲ್ಲಿ ಕೆಡವಿದರು ಅಂತ ಹೇಳಿದಾಗ ಬೇಸರ ಮಾಡಿಕೊಂಡವರಿದ್ದಾರೆ. ನದಿ, ಬಂಡೆ, ಗದ್ದೆ ಹಾಗೇ ಇವೆ ಅಂತ ಹೇಳಿ ಸಮಾಧಾನ ಮಾಡಿದ್ದೇನೆ.

ಇಷ್ಟಾದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ. ನೀವು ಏನು ತರುತ್ತೀರಿ? ನಮ್ಮವರು ಇಲ್ಲಿ ತಡವರಿಸುತ್ತಾರೆ. ನಮ್ಮದು ದೊಡ್ಡ ಮಾರುಕಟ್ಟೆ, 140 ಕೋಟಿ ಜನ ಅನ್ನುತ್ತಾರೆ. ಅದು ಅವರಿಗೆ ಗೊತ್ತು. ಅವರಿಗೆ ಬೇಕಾದದ್ದು ಬೇರೆ. ಒಂದು ಚಿಕ್ಕ ಇಸ್ರೇಲಿ ಕಂಪನಿಗೆ ಮನೆಯಲ್ಲಿ ಗಿರಾಕಿ ಕಡಿಮೆ. ಹಾಗಾಗಿ ಉತ್ಪನ್ನ ಅರ್ಧ ಇರುವಾಗಲೇ ಹೊರಗಿನ ಗಿರಾಕಿಯ ಹೊಲದಲ್ಲಿ, ಫ್ಯಾಕ್ಟರಿಯಲ್ಲಿ ಇಟ್ಟು ನೋಡಿ ಅದನ್ನು ಮುಗಿಸುತ್ತಾರೆ. ಅಂಥ ಜಾಗ ನಮ್ಮಲ್ಲಿ ಇದೆ. ಮೂರು ಫೇಸ್ ಕರೆಂಟ್ ರಾತ್ರಿ ಮಾತ್ರ ಬರುವ ಹೊಲ, ಮೊಬೈಲ್ ಸಿಗ್ನಲ್ ಬಂದು ಹೋಗುವ ಗುಡ್ಡ, ಬೋರ್‌ವೆಲ್ ನೀರಿನ ಸುಣ್ಣದಿಂದ ಡ್ರಿಪ್ ಪೈಪಿನ ತೂತು ಕಟ್ಟಿಕೊಳ್ಳುವ ತೋಟ, ಎರಡು ಎಕರೆಯ ರೈತ. ನಾನು ಈಗ ಹೋದಾಗ ಮೊದಲು ತೋರಿಸುವುದು ಇದನ್ನೇ. ನಮ್ಮ ಹೊಲದಲ್ಲಿ ಒಂದು ವರ್ಷ ನಡೆದ ಯಂತ್ರ ಆಫ್ರಿಕಾದಲ್ಲೂ ನಡೆಯುತ್ತದೆ, ಬ್ರೆಜಿಲ್‌ನಲ್ಲೂ ನಡೆಯುತ್ತದೆ ಅಂತ ಹೇಳುತ್ತೇನೆ. ಆಗ ಅವರು ಪೆನ್ನು ತೆಗೆಯುತ್ತಾರೆ.

ಸಣ್ಣ ಸಣ್ಣ ವಿಷಯಗಳೂ ಇವೆ. ಅಲ್ಲಿ ವಾರ ಭಾನುವಾರ ಶುರುವಾಗಿ ಗುರುವಾರ ಮುಗಿಯುತ್ತದೆ. ನಮಗೂ ಅವರಿಗೂ ಸಿಗುವುದು ನಾಲ್ಕೇ ದಿನ. ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಅವರ ಹೊಸ ವರ್ಷ, ಯೋಮ್ ಕಿಪ್ಪುರ್, ಸುಕ್ಕೋತ್ ಸಾಲಾಗಿ ಬರುತ್ತವೆ. ಏನು ಕೇಳಿದರೂ ಹಬ್ಬ ಮುಗಿದ ಮೇಲೆ ಅನ್ನುತ್ತಾರೆ. ಅಷ್ಟರಲ್ಲಿ ನಮ್ಮ ದಸರಾ, ದೀಪಾವಳಿ. ಹಾಗಾಗಿ ಮುಖ್ಯ ಮಾತುಗಳನ್ನು ಆಗಸ್ಟ್‌ನೊಳಗೇ ಮುಗಿಸಿ. ಇಮೇಲ್‌ಗಿಂತ ವಾಟ್ಸಾಪ್ ಬೇಗ ಕೆಲಸ ಮಾಡುತ್ತದೆ. ಒಬ್ಬರನ್ನು ಕೇಳಿದರೆ ಅವರು ಅಲ್ಲೇ ಕೂತು ಇನ್ನೊಬ್ಬರಿಗೆ ಮೆಸೇಜ್ ಹಾಕುತ್ತಾರೆ, ಸಂಜೆಯೊಳಗೆ ಫೋನ್ ಬರುತ್ತದೆ. ಚಿಕ್ಕ ದೇಶ, ಎಲ್ಲರಿಗೂ ಎಲ್ಲರೂ ಗೊತ್ತು. ಅದೇ ಕಾರಣಕ್ಕೆ ನೀವು ಒಬ್ಬರಿಗೆ ಕೊಟ್ಟ ಮಾತು ತಪ್ಪಿದರೂ ಅದು ಅಷ್ಟೇ ಬೇಗ ಹರಡುತ್ತದೆ. ನಿಮ್ಮನ್ನು ಪರಿಚಯಿಸಿದವರ ಮುಖಕ್ಕೆ ಮಸಿ.

ಈ ಎಲ್ಲರಿಗೂ ಎಲ್ಲರೂ ಗೊತ್ತು ಅನ್ನುವ ಮಾತಿನೊಳಗೆ ಒಂದು ಗೋಡೆ ಇದೆ. ಅದನ್ನು ಹೇಳದೆ ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಆ ಪರಿಚಯಗಳಲ್ಲಿ ಬಹಳಷ್ಟು ಹುಟ್ಟುವುದು ಸೈನ್ಯದಲ್ಲಿ. ಗುಪ್ತಚರ ವಿಭಾಗದ 8200 ಘಟಕದಲ್ಲಿ ಜೊತೆಗೆ ಕೆಲಸ ಮಾಡಿದವರು ಹೊರಗೆ ಬಂದು ಜೊತೆಗೆ ಕಂಪನಿ ಮಾಡುತ್ತಾರೆ. ಕಂಪ್ಯೂಟರ್ ಸುರಕ್ಷತೆಯ ಕಂಪನಿ ಚೆಕ್ ಪಾಯಿಂಟ್ ಕಟ್ಟಿದ ಗಿಲ್ ಶ್ವೆದ್ ಅಲ್ಲಿಂದ ಬಂದವರು. ಇಸ್ರೇಲಿನ ಪ್ರಜೆಗಳಲ್ಲಿ ಐದರಲ್ಲಿ ಒಬ್ಬರು ಅರಬರು. ಅವರಲ್ಲಿ ಹೆಚ್ಚಿನವರು ಸೈನ್ಯಕ್ಕೆ ಹೋಗುವುದಿಲ್ಲ. ಕಟ್ಟಾ ಸಂಪ್ರದಾಯಸ್ಥ ಯಹೂದಿಗಳಲ್ಲೂ ಬಹುಪಾಲು ಹೋಗುತ್ತಿರಲಿಲ್ಲ. ಟೆಕ್ನಿಯಾನ್‌ನಂಥ ಕಾಲೇಜಿನಲ್ಲಿ ಚೆನ್ನಾಗಿ ಓದಿದ, ಅರಬರ ಊರಾದ ನಜರೇತ್‌ನ ಹುಡುಗಿಗೂ ಕೆಲಸದ ಸಂದರ್ಶನಕ್ಕೆ ಕರೆಸುವ ಹಳೆಯ ಗೆಳೆಯ ಇರುವುದಿಲ್ಲ. ಈ ಗೋಡೆ ಒಡೆಯಲಿಕ್ಕೇ ತ್ಸೋಫೆನ್ ಎಂಬ ಸಂಸ್ಥೆ 2008 ರಿಂದ ಕೆಲಸ ಮಾಡುತ್ತಿದೆ. ಪರಿಚಯದ ಜಾಲ ಎಷ್ಟು ಗಟ್ಟಿಯೋ ಹೊರಗುಳಿದವರಿಗೆ ಅಷ್ಟೇ ಕಷ್ಟ. ನಮ್ಮಲ್ಲಿ ಜಾತಿ, ಕಾಲೇಜು, ಇಂಗ್ಲಿಷ್ ಮಾಡುವ ಕೆಲಸವನ್ನು ಅಲ್ಲಿ ಸೈನ್ಯದ ಘಟಕ ಮಾಡುತ್ತದೆ.

ಅದೇ ಮೂಲದಿಂದ ಬಂದ ಕೆಲವು ತಂತ್ರಜ್ಞಾನ ನನಗೆ ಭಯ ಹುಟ್ಟಿಸಿದೆ. ಇಸ್ರೇಲಿನ ಎನ್‌ಎಸ್‌ಒ ಗ್ರೂಪ್ ಮಾಡಿದ, ಫೋನಿನೊಳಗೆ ನುಗ್ಗಿ ಕದ್ದು ನೋಡುವ ತಂತ್ರಾಂಶ ಪೆಗಾಸಸ್ ಬಗ್ಗೆ 2021 ರಲ್ಲಿ ವರದಿಗಳು ಬಂದಾಗ ಅದರಲ್ಲಿ ನಮ್ಮ ದೇಶದ ಪತ್ರಕರ್ತರ, ಹೋರಾಟಗಾರರ ಫೋನ್ ನಂಬರ್‌ಗಳಿದ್ದವು. ಸುಪ್ರೀಂ ಕೋರ್ಟ್ ತನಿಖೆಗೆ ಸಮಿತಿ ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕ ಆ ಕಂಪನಿಯನ್ನು ನಿರ್ಬಂಧದ ಪಟ್ಟಿಗೆ ಹಾಕಿತು. ಇಂಥ ಮಾಲನ್ನು ಹೊರಗೆ ಮಾರಬೇಕಾದರೆ ಇಸ್ರೇಲಿನ ರಕ್ಷಣಾ ಸಚಿವಾಲಯದ ಪರವಾನಗಿ ಬೇಕು. ಅಂದರೆ ಇದು ಬರೀ ಇಬ್ಬರು ವ್ಯಾಪಾರಿಗಳ ನಡುವಿನ ವ್ಯವಹಾರವಲ್ಲ. ಯಾರ ಕೈಗೆ ಏನು ಹೋಗುತ್ತದೆ ಅಂತ ಪರಿಚಯ ಮಾಡಿಸುವವರೂ ಕೇಳಬೇಕು. ನೀರು, ಕೃಷಿ, ಆರೋಗ್ಯ ಬಿಟ್ಟು ಬೇರೆ ಕ್ಷೇತ್ರದ ಪರಿಚಯ ನಾನು ಮಾಡಿಸುವುದಿಲ್ಲ. ಅದು ನನ್ನ ತೀರ್ಮಾನ.

2023 ರ ಅಕ್ಟೋಬರ್ 7 ಆದ ಮೇಲೆ ಈ ಕೆಲಸ ಮೊದಲಿನ ಹಾಗಿಲ್ಲ. ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಆಮೇಲೆ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅದರಲ್ಲಿ ಮಕ್ಕಳೇ ಸಾವಿರಾರು. ಮೂರು ಲಕ್ಷಕ್ಕೂ ಹೆಚ್ಚು ಮೀಸಲು ಸೈನಿಕರನ್ನು ಕರೆಸಿಕೊಂಡರು. ನಮ್ಮ ಜೊತೆ ಸೆನ್ಸರ್ ಮೇಲೆ ಕೆಲಸ ಮಾಡುತ್ತಿದ್ದ ತಂಡದಲ್ಲಿ ಅರ್ಧ ಜನ ಒಂದೇ ವಾರದಲ್ಲಿ ಕಾಣೆಯಾದರು. ಉಳಿದವರು ರಾತ್ರಿ ಕೆಲಸ ಮಾಡಿ ಕೊಟ್ಟರು. ಅವರ ದುಃಖ ನನಗೆ ಕಾಣುತ್ತಿತ್ತು. ಗಾಜಾದ ಚಿತ್ರಗಳೂ ಕಾಣುತ್ತಿದ್ದವು. ಎರಡನ್ನೂ ಇಟ್ಟುಕೊಂಡು ಸೋಮವಾರ ಬೆಳಗ್ಗೆ ಕಾಲ್‌ಗೆ ಕೂರುವುದು ಸುಲಭ ಇರಲಿಲ್ಲ. ನಮ್ಮ ಕಂಪನಿಯಲ್ಲಿ ಕೆಲವರು ಈ ಪಾಲುದಾರಿಕೆಯೇ ಬೇಡ ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ ಅಂತ ನನಗೆ ಅನಿಸಿತು, ಇವತ್ತಿಗೂ ಅನಿಸುತ್ತದೆ. ನೀರಿನ ಕೆಲಸ ಮುಂದುವರಿಸೋಣ ಅಂತ ನಾವು ತೀರ್ಮಾನಿಸಿದೆವು.

ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ನೆನೆದದ್ದು ಮೆಲ್ಲಾನಾಕ್ಸ್ ಕಂಪನಿಯನ್ನು. ಯೋಕ್ನೆಯಾಮ್ ಊರಿನಲ್ಲಿ 1999 ರಲ್ಲಿ ಶುರುವಾದದ್ದು. ಡೇಟಾ ಸೆಂಟರ್‌ಗಳ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ವೇಗವಾಗಿ ಜೋಡಿಸುವ ಚಿಪ್ ಅವರದು. ಎನ್‌ವಿಡಿಯಾ ಅದನ್ನು ಸುಮಾರು 700 ಕೋಟಿ ಡಾಲರ್‌ಗೆ ಕೊಂಡಿತು. 2020 ರಲ್ಲಿ ವ್ಯವಹಾರ ಮುಗಿಯಿತು. ಇವತ್ತು ಎಐ ಅಂತ ಜಗತ್ತು ಓಡುತ್ತಿದೆಯಲ್ಲ, ಆ ಯಂತ್ರಗಳ ಒಳಗೆ ಈ ಊರಿನ ಕೆಲಸ ಇದೆ. ಅದನ್ನು ಕಟ್ಟಿದ ಎಯಾಲ್ ವಾಲ್ಡ್‌ಮನ್ ಇನ್ನೊಂದು ಕೆಲಸ ಮಾಡಿದ್ದರು. ಅಸಾಲ್ ಎಂಬ ಪ್ಯಾಲೆಸ್ಟೀನಿ ಕಂಪನಿಯ ಮೂಲಕ ರಮಲ್ಲಾ, ರವಾಬಿ ಊರುಗಳ ಎಂಜಿನಿಯರ್‌ಗಳಿಗೆ ಕೆಲಸ ಕೊಟ್ಟಿದ್ದರು. ಗಾಜಾದ ಎಂಜಿನಿಯರ್‌ಗಳಿಗೂ ಕೊಟ್ಟಿದ್ದರು. ಹೊರಗುತ್ತಿಗೆಗೆ ಅಗ್ಗದ ಜಾಗ ಬೇಕಿದ್ದರೆ ಬೇರೆ ದೇಶಗಳು ಬೇಕಾದಷ್ಟಿದ್ದವು. ಅಕ್ಕಪಕ್ಕದವರು ಒಟ್ಟಿಗೆ ಕೆಲಸ ಮಾಡಬೇಕು ಅನ್ನುವುದು ಅವರ ನಂಬಿಕೆ. ಅಕ್ಟೋಬರ್ 7 ರಂದು ನೋವಾ ಸಂಗೀತೋತ್ಸವದಲ್ಲಿ ಅವರ ಮಗಳು ಹತ್ಯೆಯಾದಳು.

ಇದರಿಂದ ನಾನು ಯಾವ ಪಾಠವನ್ನೂ ತೆಗೆಯಲಾರೆ. ವ್ಯಾಪಾರ ಬೆಳೆದರೆ ಶಾಂತಿ ತಾನಾಗಿ ಬರುತ್ತದೆ ಅಂತ ಕಾನ್ಫರೆನ್ಸ್‌ಗಳಲ್ಲಿ ಹೇಳುವುದನ್ನು ಬಹಳ ಕೇಳಿದ್ದೇನೆ. 2020 ರಲ್ಲಿ ಯುಎಇ ಜೊತೆ ಇಸ್ರೇಲಿನ ಒಪ್ಪಂದ ಆದ ಮೇಲೆ ದುಬೈನಲ್ಲಿ ಇಸ್ರೇಲಿ, ಅರಬ್, ಭಾರತೀಯ ಉದ್ಯಮಿಗಳು ಒಂದೇ ಮೇಜಿಗೆ ಬಂದದ್ದನ್ನು ಕಣ್ಣಾರೆ ಕಂಡು ಸಂತೋಷವೂ ಪಟ್ಟಿದ್ದೇನೆ. ಆ ಮೇಜಿನಲ್ಲಿ ಪ್ಯಾಲೆಸ್ಟೀನಿನವರಿಗೆ ಕುರ್ಚಿ ಇರಲಿಲ್ಲ. ರಮಲ್ಲಾದ ಎಂಜಿನಿಯರ್‌ಗೆ ಯೋಕ್ನೆಯಾಮ್‌ನ ಕೆಲಸ ಸಿಕ್ಕಿದ್ದು ಒಬ್ಬ ಮನುಷ್ಯ ತನ್ನ ಹೆಸರು ಪಣಕ್ಕಿಟ್ಟದ್ದರಿಂದ. ಅಂಥದ್ದು ಒಬ್ಬಿಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯ ಆಗಬಾರದಿತ್ತು.

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. ಕೃಷಿಯಲ್ಲಿ ಇಸ್ರೇಲ್ ಮಾದರಿ ಅನ್ನುವ ಮಾತು ಕರ್ನಾಟಕದ ರೈತರಿಗೆ ಹೊಸದಲ್ಲ. 2018 ರ ರಾಜ್ಯ ಬಜೆಟ್‌ನಲ್ಲೂ ಅದು ಬಂತು. ಎರಡು ದೇಶಗಳ ಕೃಷಿ ಯೋಜನೆಯಡಿ ಕೋಲಾರದಲ್ಲಿ ಮಾವಿಗೆ, ಬಾಗಲಕೋಟೆಯಲ್ಲಿ ದಾಳಿಂಬೆಗೆ, ಧಾರವಾಡದಲ್ಲಿ ತರಕಾರಿಗೆ ಕೇಂದ್ರಗಳಿವೆ. ಹುನಗುಂದ ತಾಲೂಕಿನ ರಾಮಥಾಳದಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಯೋಜನೆ ಮಾಡಿದರು. ಅರ್ಧ ಕೆಲಸ ಇಸ್ರೇಲ್ ಮೂಲದ ನೆಟಾಫಿಮ್‌ನದು, ಉಳಿದರ್ಧ ನಮ್ಮ ದೇಶದ ಜೈನ್ ಇರಿಗೇಷನ್‌ನದು. ನೆಟಾಫಿಮ್ ಹುಟ್ಟಿದ್ದು 1965 ರಲ್ಲಿ, ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಕಿಬುತ್ಸ್‌ನಲ್ಲಿ. ಕಿಬುತ್ಸ್ ಅಂದರೆ ಎಲ್ಲರೂ ಕೂಡಿ ದುಡಿದು, ಕೂಡಿ ಉಣ್ಣುವ ಊರು. ನೀರಾವರಿ ಎಂಜಿನಿಯರ್ ಸಿಮ್ಖಾ ಬ್ಲಾಸ್ ತನ್ನ ಡ್ರಿಪ್ ಯೋಚನೆ ಹಿಡಿದುಕೊಂಡು ಅಲ್ಲಿಗೆ ಬಂದಾಗ, ಆ ಕಿಬುತ್ಸ್‌ನ ರೈತರು ಒಪ್ಪಿ ಜೊತೆಗೂಡಿದರು. ಅಲ್ಲಿ ಕಂಡುಹಿಡಿದವನೂ ಬಳಸುವವನೂ ಒಂದೇ ಕಡೆ ಇದ್ದರು. ಪೈಪು ಕಟ್ಟಿಕೊಂಡರೆ ಅದೇ ಸಂಜೆ ಊಟದ ಕೋಣೆಯಲ್ಲಿ ಕೇಳಬಹುದಿತ್ತು.

ನಮ್ಮಲ್ಲಿ ತಂತ್ರಜ್ಞಾನ ಬರುತ್ತದೆ, ಆ ಊಟದ ಕೋಣೆ ಬರುವುದಿಲ್ಲ. ನಮ್ಮ ಕಾಕಾ ಬಾದಾಮಿ ಕಡೆ ದಾಳಿಂಬೆ ಬೆಳೆಯುತ್ತಾರೆ. ನಾನು ಉತ್ಸಾಹದಿಂದ ಹೊಸ ಸೆನ್ಸರ್ ಬಗ್ಗೆ ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ತಮ್ಮಾ, ಹಚ್ಚೂದು ದೊಡ್ಡದಲ್ಲ. ಕೆಟ್ಟಾಗ ಯಾರ್ ಬರ್ತಾರ ಹೇಳು. ನಿಮ್ಮ ಇಸ್ರೇಲದವರು ಇಲ್ಲಿ ಒಂದ್ ಬಹಾರ ಪೂರ್ತಿ ನಿಂದರ್ತಾರೇನು?" ಅಂದರು. ಬಹಾರ ಅಂದರೆ ದಾಳಿಂಬೆ ಹೂಬಿಟ್ಟು ಹಣ್ಣು ಕೊಯ್ಯುವವರೆಗಿನ ಒಂದು ಹಂಗಾಮು. ಯಾವ ಹೂಡಿಕೆದಾರರೂ ನನ್ನನ್ನು ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

2017 ರಲ್ಲಿ ಭಾರತ ಮತ್ತು ಇಸ್ರೇಲ್ ಸೇರಿ ಬರ್ಡ್ ದಾರಿಯಲ್ಲೇ ಒಂದು ನಿಧಿ ಮಾಡಿದವು. ಐ4ಎಫ್ ಅಂತ ಕರೆಯುತ್ತಾರೆ. ಐದು ವರ್ಷಕ್ಕೆ 4 ಕೋಟಿ ಡಾಲರ್, ಎರಡೂ ಸರ್ಕಾರದ್ದು ಸಮಪಾಲು. ಎರಡು ದೇಶದಿಂದ ಒಂದೊಂದು ಕಂಪನಿ ಕೂಡಬೇಕು. ಒಳ್ಳೆಯ ಯೋಚನೆ. ಆದರೆ ಬರ್ಡ್‌ನಲ್ಲಿ ಜೋಡಿ ಹುಡುಕಲು ಊರೂರು ಅಲೆದ ಜನ ಇದ್ದರು. ನಮ್ಮ ರಾಜ್ಯದಲ್ಲಿ ಆ ಕೆಲಸಕ್ಕೆ ಜನ ಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಇವೆಲ್ಲ ಕೆಲವೇ ಗಂಟೆಗಳ ದಾರಿಯೊಳಗಿವೆ. ಯಾರಿಗೆ ಯಾವ ರೋಗ, ಯಾವ ಮಣ್ಣು, ಯಾವ ನೀರಿನ ತೊಂದರೆ ಅಂತ ಅಲ್ಲಿನವರಿಗೆ ಗೊತ್ತು. ಬೆಂಗಳೂರಿನ ಐದು ನಕ್ಷತ್ರದ ಹೋಟೆಲ್‌ನಲ್ಲಿ ನಡೆಯುವ ಬಿ2ಬಿ ಮೀಟಿಂಗ್‌ಗಳಲ್ಲಿ ಒಂದನ್ನಾದರೂ ದಾಳಿಂಬೆ ಹೂಬಿಡುವ ಕಾಲಕ್ಕೆ ಬಾಗಲಕೋಟೆಯಲ್ಲಿ ಇಡಿ ಅಂತ ನಾನು ಸಿಕ್ಕ ಅಧಿಕಾರಿಗಳಿಗೆಲ್ಲ ಹೇಳುತ್ತಿದ್ದೇನೆ.

ಕಾಕಾ ಕೇಳಿದ ಪ್ರಶ್ನೆಯನ್ನು ಈಗ ನಮ್ಮ ಒಪ್ಪಂದದ ಕರಡಿನಲ್ಲೇ ಸೇರಿಸಿದ್ದೇವೆ. ಹೊರಗಿನ ಕಂಪನಿಯ ಎಂಜಿನಿಯರ್ ಒಬ್ಬರು ಒಂದು ಬಹಾರ್ ಮುಗಿಯುವವರೆಗೆ ತಾಲೂಕಿನಲ್ಲೇ ಇರಬೇಕು. ಅಲ್ಲಿನ ಡಿಪ್ಲೊಮಾ ಓದಿದ ಇಬ್ಬರಿಗೆ ರಿಪೇರಿ ಕಲಿಸಬೇಕು. ಬಿಡಿಭಾಗಗಳ ದಾಸ್ತಾನು ಬೆಂಗಳೂರಿನ ಬದಲು ಹೋಬಳಿ ಮಟ್ಟದಲ್ಲಿ ಇರಬೇಕು. ಬೆಳೆ ಕೈಕೊಟ್ಟರೆ ನಷ್ಟದಲ್ಲಿ ಮೂರು ಪಾಲು: ಅವರದೊಂದು, ನಮ್ಮದೊಂದು, ಇಬ್ಬರನ್ನು ಸೇರಿಸಿದ ಸಂಸ್ಥೆಯದೊಂದು. ನೆಗೆವ್ ಕಡೆಯ ಒಂದು ಚಿಕ್ಕ ಕಂಪನಿ ಮೊದಲ ಮೂರು ಷರತ್ತಿಗೆ ಒಪ್ಪಿದೆ. ನಾಲ್ಕನೆಯದರ ಮೇಲೆ ಇನ್ನೂ ಜಗಳ ನಡೆಯುತ್ತಿದೆ. ಹೋದ ಗುರುವಾರದ ಕಾಲ್‌ನಲ್ಲಿ ಅವರ ಸಿಇಒ ಜೋರಾಗಿ ಮಾತಾಡಿದರು, ನಾನೂ ಬಿಡಲಿಲ್ಲ. ಭಾನುವಾರ ಮತ್ತೆ ಕೂರುತ್ತೇವೆ.